‘ನೋಡಿ ಕೊಡೋಣ’ ಎಂಬ ಮಾತು

ಆಡುವವರಿಗೆ ಕಾಸಿನ ಖರ್ಚಿಲ್ಲದ, ಕೇಳುವವರನ್ನು ತಿಂಗಳುಗಟ್ಟಲೆ ಕಾಯಿಸುವ, ಆದರೂ ಅತ್ಯಂತ ಸೌಜನ್ಯದ್ದೆಂದು ಎಲ್ಲರೂ ಒಪ್ಪಿಕೊಂಡಿರುವ ಮಾತೊಂದು ನಮ್ಮ ಕನ್ನಡದಲ್ಲಿದೆ. ಅದು, ‘ಅದಕ್ಕೇನು, ನೋಡಿ ಕೊಡೋಣ.’ ಉಪನ್ಯಾಸಕ್ಕೆ ಕರೆಯುವಾಗ ಈ ಮಾತು ಬರುತ್ತದೆ. ಕರಡು ತಿದ್ದಿಸುವಾಗ ಬರುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ ಪುಸ್ತಕಕ್ಕೆ ಮುಖಪುಟ ಬರೆಯಿಸುವಾಗ ಬರುತ್ತದೆ. ಮುಖಪುಟದ ಚಿತ್ರಕಾರನನ್ನು ಈಗ ವಿನ್ಯಾಸಕಾರನೆಂದು ಕರೆಯುತ್ತೇವೆ. ಅವನು ಯಾವ ಕಚೇರಿಗೂ ಸೇರದೆ ಮನೆಯಲ್ಲೇ ಕುಳಿತು ಕೆಲಸಮಾಡುವವನಾದರೆ ಫ್ರೀಲಾನ್ಸ್ ಡಿಸೈನರ್ ಎನ್ನುತ್ತೇವೆ. ಹೆಸರು ಬದಲಾಗಿದೆ. ಅವನೊಡನೆ ನಾವು ಆಡುವ ಮಾತು ಮಾತ್ರ ಬದಲಾಗಿಲ್ಲ.

ಈ ಮಾತಿನ ಮೇಲೆ ನನಗಿರುವ ಆಕ್ಷೇಪಣೆಯನ್ನು ವಾಚಕರ ಮುಂದಿಡಬೇಕೆಂದು ಈ ಲೇಖನ. ಕೆಲಸಕ್ಕೆ ಮುಂಚೆ ಹಣದ ಮಾತನ್ನು ಎತ್ತುವುದು ಅಸಭ್ಯವೆಂದು ನಾವು ತಿಳಿದಿದ್ದೇವೆ. ನನ್ನ ಅಭಿಪ್ರಾಯ ಇದಕ್ಕೆ ತೀರ ವಿರುದ್ಧವಾದುದು. ಮೊದಲೇ ಆಡಿ, ಮೊದಲೇ ಬರೆದು, ಇಬ್ಬರೂ ರುಜುಮಾಡಿದ ಕರಾರೇ ನಿಜವಾದ ಸಭ್ಯತೆ. ಮೌನದ ಭಾರ ಯಾವಾಗಲೂ ಬಡವನಾದವನ ಹೆಗಲಿಗೇ ಬೀಳುತ್ತದೆ.

ನಾನು ಕನ್ನಡದ ಅಧ್ಯಾಪಕ. ಆದ್ದರಿಂದ ಶಬ್ದಗಳಿಂದಲೇ ಪ್ರಾರಂಭಿಸುತ್ತೇನೆ. ವಿನ್ಯಾಸಕಾರನಿಗೆ ನಾವು ಕೊಡುವುದನ್ನು ‘ಸಂಭಾವನೆ’ ಎನ್ನುತ್ತೇವೆ. ಇನ್ನೂ ಸ್ವಲ್ಪ ಗಂಭೀರವಾಗಿ ‘ಗೌರವಧನ’ ಎನ್ನುತ್ತೇವೆ. ಸಂಭಾವನೆಯೆಂದರೆ ಮೂಲತಃ ಮನ್ನಣೆ, ಆದರ. ಎಷ್ಟು ಆದರಿಸಬೇಕೆಂಬುದು ಆದರಿಸುವವನ ಇಚ್ಛೆ. ‘ನನ್ನನ್ನು ಇನ್ನೂ ಇಷ್ಟು ಹೆಚ್ಚು ಗೌರವಿಸಿ’ ಎಂದು ಯಾವ ಮಾನವಂತನು ಬಾಯಿಬಿಟ್ಟು ಕೇಳಿಯಾನು? ಶಬ್ದವೇ ಅವನ ಬಾಯಿ ಕಟ್ಟಿಬಿಡುತ್ತದೆ. ಇದಕ್ಕೆ ಹೋಲಿಸಿದರೆ ‘ಸಂಬಳ’ ಎಂಬುದು ಎಷ್ಟು ನೇರವಾದ ಶಬ್ದ! ಸಂಸ್ಕೃತದ ‘ಶಂಬಲ’ದಿಂದ ಬಂದ ಅದರ ಹಳೆಯ ಅರ್ಥ ದಾರಿಯ ಬುತ್ತಿ. ದೂರ ನಡೆಯಬೇಕಾದವನಿಗೆ ಬುತ್ತಿ ಎಷ್ಟು ಬೇಕೆಂಬ ಲೆಕ್ಕ ದಾರಿಯ ಉದ್ದವನ್ನು ಅವಲಂಬಿಸಿದೆಯೇ ಹೊರತು ಕಟ್ಟಿಕೊಡುವವನ ಉದಾರತೆಯನ್ನಲ್ಲ. ‘ಕೂಲಿ’ಯೂ ಹಾಗೆಯೇ. ಕಳೆ ಕೀಳಲು ಬಂದ ಹೆಣ್ಣಾಳು ಗದ್ದೆಗಿಳಿಯುವ ಮುನ್ನ ದಿನಕ್ಕೆಷ್ಟೆಂದು ಕೇಳುತ್ತಾಳೆ; ಕೇಳಿದಳೆಂದು ಯಾರೂ ಅವಳನ್ನು ಆಡಿಕೊಳ್ಳುವುದಿಲ್ಲ. ಓದುಬರೆಹ ಬಲ್ಲವರ ನಡುವೆ ಮಾತ್ರ ಕೇಳುವುದು ಕೀಳೆಂಬ ಭಾವನೆ ಹೇಗೋ ಬೇರೂರಿಬಿಟ್ಟಿದೆ.

‘ಕನ್ನಡದ ಸೇವೆ’ ಎಂಬ ಇನ್ನೊಂದು ಮಾತೂ ಉಂಟು. ಸೇವೆಯನ್ನು ನಾನು ಹಗುರವಾಗಿ ಕಾಣುವವನಲ್ಲ. ನಮ್ಮ ಭಾಷೆ ಉಳಿದಿರುವುದೇ ಎಷ್ಟೋ ಜನರ ನಿಸ್ವಾರ್ಥ ದುಡಿಮೆಯಿಂದ. ಆದರೆ ಒಂದು ಪುಸ್ತಕದ ಖರ್ಚಿನ ಪಟ್ಟಿಯನ್ನು ನೋಡಿ. ಕಾಗದದ ವ್ಯಾಪಾರಿಗೆ ಹಣ ಮೊದಲೇ ಸಲ್ಲುತ್ತದೆ. ಅಚ್ಚಿನ ಮನೆಯವನು ಬಿಲ್ಲು ಚುಕ್ತಾ ಆಗದೆ ಕಟ್ಟು ಬಿಚ್ಚುವುದಿಲ್ಲ. ಬೈಂಡಿಂಗಿನವನಿಗೆ ಸಾವಿರ ಪ್ರತಿಗೆ ಇಷ್ಟೆಂದು ದರವಿದೆ. ಬಿಡುಗಡೆಯ ಸಭಾಂಗಣಕ್ಕೆ ಬಾಡಿಗೆಯಿದೆ. ಇವರಲ್ಲಿ ಯಾರನ್ನೂ ನಾವು ಕನ್ನಡದ ಸೇವೆಗೆ ಕರೆಯುವುದಿಲ್ಲ. ಕರೆಯುವುದು ಕೊನೆಗೆ ಇಬ್ಬರನ್ನು, ಬರೆದವನನ್ನು ಮತ್ತು ಬರೆದದ್ದಕ್ಕೆ ಮುಖ ಕೊಟ್ಟವನನ್ನು. ಬರೆದವನಿಗೆ ಹೆಸರಾದರೂ ಬರುತ್ತದೆ. ಮುಖ ಕೊಟ್ಟವನ ಹೆಸರನ್ನು ಒಳಪುಟದಲ್ಲಿ ಹುಡುಕಬೇಕು. ಎಷ್ಟೋ ಸಲ ಹುಡುಕಿದರೂ ಸಿಕ್ಕುವುದಿಲ್ಲ.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ಅನುಭವವನ್ನು ಇಲ್ಲಿ ಹೇಳುವುದು ಅಪ್ರಸ್ತುತವಾಗಲಾರದು. ಪದವಿಯ ನಂತರ ಬೆಂಗಳೂರಿನಲ್ಲಿ ವಿನ್ಯಾಸ ಕಲಿತು, ಅಲ್ಲಿಯ ಕಂಪನಿಯೊಂದರಲ್ಲಿ ನಾಲ್ಕು ವರ್ಷ ದುಡಿದು, ಕನ್ನಡ ಪುಸ್ತಕಗಳ ಮೇಲಿನ ಪ್ರೀತಿಯಿಂದ ಊರಿಗೆ ಹಿಂತಿರುಗಿದ ಹುಡುಗಿ. ಹಿರಿಯರೊಬ್ಬರ ಅಭಿನಂದನ ಗ್ರಂಥದ ಸಮಿತಿಯವರು ಅವಳನ್ನು ಕರೆದು ಮುಖಪುಟ ಮಾಡಿಕೊಡಲು ಹೇಳಿದರು. ಎಷ್ಟು ಎಂಬ ಮಾತು ಬಂದಾಗ, ‘ನೀನು ನಮ್ಮೂರ ಹುಡುಗಿಯೇ ಅಲ್ಲವೇನಮ್ಮ, ನೋಡಿ ಕೊಡೋಣ’ ಎಂದರು. ಮುಖಪುಟದ ಕರಡನ್ನು ಏಳು ಸಲ ಬದಲಾಯಿಸಿದ್ದಾಯಿತು. ಸಮಿತಿಯಲ್ಲಿ ಏಳು ಜನರಿದ್ದರು. ಬಳಿಕ ಅದೇ ಚಿತ್ರ ಆಮಂತ್ರಣ ಪತ್ರಿಕೆಗೆ ಬೇಕಾಯಿತು, ವೇದಿಕೆಯ ಹಿಂದಿನ ಪರದೆಗೆ ಬೇಕಾಯಿತು, ಸ್ಮರಣಿಕೆಗೂ ಬೇಕಾಯಿತು. ಬಿಡುಗಡೆಯ ದಿನ ಅವಳಿಗೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಒಂದು ಲಕೋಟೆಯನ್ನು ಕೈಯಲ್ಲಿಟ್ಟರು. ಅದರಲ್ಲಿ ೧,೫೦೧ ರೂಪಾಯಿ ಇತ್ತು. ಅವಳು ನನಗೆ ಹೇಳಿದ್ದು ಇಷ್ಟೆ: ‘ಸರ್, ಶಾಲಿಗೆ ಅಂಗಡಿಯವನ ರಸೀತಿ ಇತ್ತು. ನನ್ನ ಒಂದು ತಿಂಗಳಿಗೆ ಏನೂ ಇರಲಿಲ್ಲ.’ ಮತ್ತೆ ಬೆಂಗಳೂರಿನ ಕಂಪನಿಗೇ ಹೋಗಿ ಸೇರುವ ಯೋಚನೆಯಲ್ಲಿ ಅವಳಿದ್ದಳು.

ಸಮಿತಿಯವರು ದುಷ್ಟರಲ್ಲ. ಅವರಲ್ಲಿ ಒಬ್ಬರಾದರೂ ಮೋಸಮಾಡಬೇಕೆಂದು ಹೊರಟವರಲ್ಲ. ಎಷ್ಟು ಕೊಟ್ಟರೆ ಸರಿಯೆಂಬುದು ಅವರಿಗೆ ತಿಳಿದಿರಲಿಲ್ಲ. ಹೇಳಿದರೆ ತಪ್ಪಾದೀತೆಂದು ಅವಳು ಹೇಳಲಿಲ್ಲ. ಒಳ್ಳೆಯವರ ನಡುವೆಯೂ ಅನ್ಯಾಯ ನಡೆಯುವುದಕ್ಕೆ ಬರಿಯ ಮೌನ ಸಾಕು.

ಹಾಗಾದರೆ ಎಷ್ಟು ಸರಿ? ಇದಕ್ಕೆ ಊಹೆ ಬೇಡ, ಲೆಕ್ಕ ಹಾಕಬಹುದು. ಉದಾಹರಣೆಗೆ, ಮನೆಬಾಡಿಗೆ, ಊಟ, ವಿದ್ಯುತ್ತು, ಕಂಪ್ಯೂಟರಿನ ಸವೆತ, ಸಾಫ್ಟ್‌ವೇರಿನ ವರ್ಷಾವಧಿ ಚಂದಾ, ಆಸ್ಪತ್ರೆಗೆಂದು ತೆಗೆದಿಡುವ ಹಣ ಎಲ್ಲ ಸೇರಿ ಒಬ್ಬ ವಿನ್ಯಾಸಕಾರನಿಗೆ ತಿಂಗಳಿಗೆ ೪೦,೦೦೦ ರೂಪಾಯಿ ಬೇಕೆನ್ನೋಣ. ತಿಂಗಳಿನ ಎಲ್ಲ ದಿನಗಳೂ ಹಣ ತರುವ ದಿನಗಳಲ್ಲ. ಕೆಲಸ ಹುಡುಕಲು, ಮಾತನಾಡಲು, ಬಾಕಿ ವಸೂಲಿಗೆ, ಹೊಸತನ್ನು ಕಲಿಯಲು ಅರ್ಧ ದಿನಗಳು ಹೋಗುತ್ತವೆ. ಉಳಿಯುವ ಕೆಲಸದ ದಿನ ೧೨ ಎಂದುಕೊಂಡರೆ ದಿನಕ್ಕೆ ಸುಮಾರು ೩,೩೦೦ ರೂಪಾಯಿ ಬೀಳುತ್ತದೆ. ಹಸ್ತಪ್ರತಿಯನ್ನು ಓದಿ, ಎರಡು ಕರಡು ಮಾಡಿ, ಒಂದನ್ನು ಪೂರ್ತಿಗೊಳಿಸಲು ಮೂರು ದಿನ ಹಿಡಿದರೆ ಮುಖಪುಟಕ್ಕೆ ಸುಮಾರು ೧೦,೦೦೦ ರೂಪಾಯಿ ಆಯಿತು. ಇದರಲ್ಲಿ ದುರಾಸೆ ಎಲ್ಲಿದೆ? ಇದು ದಾರಿಯ ಬುತ್ತಿ.

ಪ್ರಕಾಶಕನ ಕಡೆಯ ಲೆಕ್ಕವನ್ನೂ ನೋಡದಿದ್ದರೆ ನ್ಯಾಯವಾಗದು. ಕವಿತೆಯ ಪುಸ್ತಕವೊಂದನ್ನು ಅವನು ೫೦೦ ಪ್ರತಿ ಅಚ್ಚುಹಾಕಿದರೆ, ೧೦,೦೦೦ ರೂಪಾಯಿಯ ಮುಖಪುಟ ಪ್ರತಿಯೊಂದಕ್ಕೆ ೨೦ ರೂಪಾಯಿಯ ಹೊರೆ. ಎಲ್ಲ ಪ್ರತಿಗಳೂ ಮಾರಾಟವಾಗುವ ಭರವಸೆಯಿಲ್ಲ. ಸಣ್ಣ ಪ್ರಕಾಶಕ ‘ಆಗದು’ ಎಂದರೆ ಅದು ಯಾವಾಗಲೂ ಜಿಪುಣತನವಲ್ಲ. ಆದರೆ ಆಗದೆಂಬುದನ್ನು ಮೊದಲೇ ಹೇಳಿದರೆ ಮುಂದಿನ ಮಾತಿಗೆ ಎಡೆಯುಂಟು. ಮೊದಲ ಮುದ್ರಣಕ್ಕೆ ಕಡಮೆ, ಎರಡನೆಯ ಮುದ್ರಣವಾದರೆ ಮತ್ತಷ್ಟು ಎಂದು ಒಪ್ಪಬಹುದು. ಹೊಸ ಚಿತ್ರದ ಬದಲು ಅಕ್ಷರಗಳಿಂದಲೇ ಮುಖಪುಟ ಮಾಡಬಹುದು. ವರ್ಷದ ಆರು ಪುಸ್ತಕಗಳನ್ನು ಒಟ್ಟಿಗೆ ಕೊಟ್ಟು ದರ ಇಳಿಸಿಕೊಳ್ಳಬಹುದು. ಚೌಕಾಸಿಯೆಂದರೆ ಜಗಳವಲ್ಲ, ಇಬ್ಬರ ಕಷ್ಟಗಳೂ ಒಂದೇ ಕಾಗದದ ಮೇಲೆ ಬರುವುದು.

ಸಾಹಿತ್ಯದ ವಿದ್ಯಾರ್ಥಿಗಳಿಗೆ ಇದಕ್ಕೊಂದು ಪ್ರಸಿದ್ಧ ನಿದರ್ಶನ ಉಂಟು. ಮಿಲ್ಟನ್ ಕವಿ ತನ್ನ ‘ಪ್ಯಾರಡೈಸ್ ಲಾಸ್ಟ್’ ಮಹಾಕಾವ್ಯಕ್ಕಾಗಿ ಸ್ಯಾಮ್ಯುಯಲ್ ಸಿಮನ್ಸ್ ಎಂಬ ಮುದ್ರಕನೊಡನೆ ೧೬೬೭ರ ಏಪ್ರಿಲ್‌ನಲ್ಲಿ ಬರೆವಣಿಗೆಯ ಕರಾರು ಮಾಡಿಕೊಂಡ. ಕೈಗೆ ೫ ಪೌಂಡು. ಮೊದಲ ಆವೃತ್ತಿಯ ೧,೩೦೦ ಪ್ರತಿ ಮಾರಾಟವಾದ ಮೇಲೆ ಮತ್ತೆ ೫. ಮುಂದಿನ ಎರಡು ಆವೃತ್ತಿಗಳಿಗೂ ಹಾಗೆಯೇ. ಮೊತ್ತ ಅತ್ಯಲ್ಪವೆಂದು ಎಷ್ಟೋ ಜನ ಮರುಗಿದ್ದಾರೆ. ನಾನು ಗಮನಿಸುವುದು ಬೇರೆಯದನ್ನು. ಕಣ್ಣು ಕಾಣದ, ರಾಜಕೀಯವಾಗಿ ಸೋತ ಆ ಕವಿ ಪ್ರತಿಗಳ ಸಂಖ್ಯೆಯನ್ನು ಹೇಳಿಸಿ ಬರೆಯಿಸಿಕೊಂಡ. ೧೬೬೯ರಲ್ಲಿ ಅವನಿಗೆ ಎರಡನೆಯ ೫ ಪೌಂಡು ಬಂತು. ಮಹಾಕಾವ್ಯ ಬರೆದವನಿಗೆ ಕರಾರು ಬರೆಯಿಸುವುದು ಅವಮಾನವೆನಿಸಲಿಲ್ಲ.

ಕರಾರು ಪತ್ರವೆಂದರೆ ಪರದೇಶದ ಪದ್ಧತಿ, ನಮ್ಮದು ನಂಬಿಕೆಯ ಸಂಸ್ಕೃತಿ ಎಂದು ವಾದಿಸುವವರಿಗೆ ನಮ್ಮ ಶಾಸನಗಳನ್ನು ನೋಡಿರೆಂದು ಬಿನ್ನವಿಸುತ್ತೇನೆ. ಒಂದು ತುಂಡು ಭೂಮಿಯನ್ನು ದಾನಕೊಟ್ಟಾಗಲೂ ನಮ್ಮ ಹಿರಿಯರು ಕೊಟ್ಟವರಾರು, ಪಡೆದವರಾರು, ಯಾವ ದಿನ, ಮೂಡಲಿಗೆ ಯಾವ ಕೆರೆ, ಪಡುವಲಿಗೆ ಯಾವ ಹುಣಿಸೆಮರ, ಸಾಕ್ಷಿ ಯಾರು ಎಂಬುದೆಲ್ಲವನ್ನೂ ಕಲ್ಲಿನಲ್ಲಿ ಕೊರೆಯಿಸುತ್ತಿದ್ದರು. ತಪ್ಪಿ ನಡೆದವನಿಗೆ ಶಾಪವನ್ನೂ ಬರೆಯಿಸುತ್ತಿದ್ದರು. ಪುಣ್ಯಕ್ಕಾಗಿ ಕೊಟ್ಟದ್ದಕ್ಕೇ ಇಷ್ಟು ಎಚ್ಚರವಾದರೆ ದುಡಿಮೆಗೆ ಎಷ್ಟಿರಬೇಕು! ಕಲೆಗಾರನ ಹೆಸರನ್ನೂ ಅವರು ಮರೆತವರಲ್ಲ. ಎಂಟನೆಯ ಶತಮಾನದ ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯದ ಶಾಸನದಲ್ಲಿ ಅದನ್ನು ಕಟ್ಟಿದ ಸೂತ್ರಧಾರಿ ಗುಂಡನ ಹೆಸರಿದೆ. ಅವನಿಗೆ ‘ತ್ರಿಭುವನಾಚಾರಿ’ ಎಂಬ ಬಿರುದು ಸಂದದ್ದೂ ದಾಖಲಾಗಿದೆ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಸೋಮನಾಥಪುರದಲ್ಲಿ ಮಲ್ಲಿತಮ್ಮ ತಮ್ಮ ಕೃತಿಗಳ ಕೆಳಗೆ ಹೆಸರು ಕೊರೆದಿದ್ದಾರೆ. ದುಡಿಮೆಯ ಅಳತೆಯ ವಿಷಯದಲ್ಲಿ ಶರಣರೂ ಮೌನಿಗಳಾಗಿರಲಿಲ್ಲ. ಆಯ್ದಕ್ಕಿ ಮಾರಯ್ಯ ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಂಡತಿ ಲಕ್ಕಮ್ಮ ಹೆಚ್ಚಿನದನ್ನು ಹಿಂದಕ್ಕೆ ಚೆಲ್ಲಿ ಬರಲು ಹೇಳಿದಳೆಂಬ ಕಥೆ ಎಲ್ಲರಿಗೂ ಗೊತ್ತು. ಹೆಚ್ಚು ಬೇಡವೆನ್ನಲು ಲಕ್ಕಮ್ಮನಿಗೆ ಸಾಧ್ಯವಾದದ್ದು ಇಷ್ಟು ಸಾಕೆಂಬ ಅಳತೆ ಅವಳಿಗೆ ತಿಳಿದಿದ್ದರಿಂದ. ಅಳತೆಯೇ ಇಲ್ಲದ ಕಡೆ ಹೆಚ್ಚೂ ತಿಳಿಯದು, ಕಡಮೆಯೂ ತಿಳಿಯದು.

ಜಮೀನಿನ ಪತ್ರಕ್ಕೆ ನಾಲ್ಕು ದಿಕ್ಕಿನ ಚಕ್ಕುಬಂದಿ ಇರುವಂತೆ ವಿನ್ಯಾಸದ ಕರಾರಿಗೂ ನಾಲ್ಕು ಎಲ್ಲೆಗಳು ಬೇಕೆಂದು ನನಗೆ ತೋರುತ್ತದೆ.

ಮೊದಲನೆಯದು ಕೆಲಸದ ಎಲ್ಲೆ. ಮುಂಬದಿ ಮಾತ್ರವೋ, ಬೆನ್ನು, ಹಿಂಬದಿ, ಒಳಮಡಿಕೆಗಳು ಸೇರಿಯೋ? ಕರಡು ಎಷ್ಟು, ತಿದ್ದುಪಡಿ ಎಷ್ಟು ಸಲ? ಒಪ್ಪಿಗೆ ಕೊಡುವ ಒಬ್ಬರು ಯಾರು? ಪುಸ್ತಕದ ಬೆನ್ನಿನ ಅಗಲ ಪುಟಗಳ ಸಂಖ್ಯೆಯನ್ನೂ ಕಾಗದದ ದಪ್ಪವನ್ನೂ ಅವಲಂಬಿಸಿದ್ದು. ಮುಖಪುಟ ಮುಗಿದ ಮೇಲೆ ಮುನ್ನುಡಿಗೆ ಇಪ್ಪತ್ತು ಪುಟ ಸೇರಿಸಿದರೆ ಮುಖಪುಟವನ್ನೂ ಮತ್ತೆ ಜೋಡಿಸಬೇಕಾಗುತ್ತದೆ. ಆ ದುಡಿಮೆ ಯಾರ ಲೆಕ್ಕಕ್ಕೆ ಎಂಬುದನ್ನು ಮೊದಲೇ ಬರೆಯಬೇಕು.

ಎರಡನೆಯದು ಕಾಲದ ಎಲ್ಲೆ. ವಿನ್ಯಾಸಕಾರ ಎಂದು ಕೊಡಬೇಕೆಂಬುದನ್ನು ಎಲ್ಲರೂ ಹೇಳುತ್ತಾರೆ. ಹಸ್ತಪ್ರತಿ, ಬೆನ್ನುಡಿ, ಲೇಖಕರ ಭಾವಚಿತ್ರ ಎಂದು ಅವನ ಕೈಗೆ ಬರುತ್ತವೆಂಬುದನ್ನು ಯಾರೂ ಹೇಳುವುದಿಲ್ಲ. ಎರಡೂ ಇರಬೇಕು.

ಮೂರನೆಯದು ಹಣದ ಎಲ್ಲೆ. ಕೆಲಸ ಹಿಡಿಯುವಾಗ ಮುಂಗಡ. ಉಳಿದದ್ದು ಕೆಲಸ ಒಪ್ಪಿಸಿದ ಇಷ್ಟು ದಿನದೊಳಗೆ. ‘ಪುಸ್ತಕ ಮಾರಾಟವಾದ ಮೇಲೆ’ ಎಂಬುದು ತಾರೀಖಲ್ಲ. ಪುಸ್ತಕದ ಯೋಜನೆಯೇ ನಡುವೆ ನಿಂತುಹೋದರೆ ಆಗಿರುವಷ್ಟು ಕೆಲಸಕ್ಕೆ ಏನೆಂಬುದನ್ನೂ ಬರೆಯಬೇಕು. ಇಲ್ಲಿ ಕಾನೂನಿನ ಆಸರೆಯೂ ಉಂಟು. ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿಗಾಗಿ ೨೦೦೬ರಲ್ಲಿ ಬಂದ ಕಾಯಿದೆಯ ಪ್ರಕಾರ, ನೋಂದಾಯಿಸಿಕೊಂಡ ಸಣ್ಣ ಉದ್ಯಮಿಯಿಂದ ಸರಕನ್ನಾಗಲಿ ಸೇವೆಯನ್ನಾಗಲಿ ಪಡೆದವರು ಒಪ್ಪಿದ ದಿನದೊಳಗೆ ಹಣ ಸಲ್ಲಿಸಬೇಕು. ಆ ಗಡುವು ೪೫ ದಿನಗಳನ್ನು ಮೀರುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕು ಪ್ರಕಟಿಸುವ ಬ್ಯಾಂಕ್ ದರದ ಮೂರರಷ್ಟು ಚಕ್ರಬಡ್ಡಿ ಸೇರುತ್ತದೆ. ಒಂದೇ ಕೋಣೆಯಲ್ಲಿ ಒಬ್ಬನೇ ಕುಳಿತು ದುಡಿಯುವ ವಿನ್ಯಾಸಕಾರನೂ ಸೂಕ್ಷ್ಮ ಉದ್ಯಮವೆಂದು ನೋಂದಾಯಿಸಿಕೊಳ್ಳಬಹುದು.

ನಾಲ್ಕನೆಯದು ಹಕ್ಕಿನ ಎಲ್ಲೆ. ಇದನ್ನೇ ನಾವು ಎಲ್ಲಕ್ಕಿಂತ ಹೆಚ್ಚಾಗಿ ಮರೆಯುತ್ತೇವೆ. ೧೯೭೧ರಲ್ಲಿ ಅಮೆರಿಕದ ಪೋರ್ಟ್‌ಲೆಂಡ್‌ನಲ್ಲಿ ವಿದ್ಯಾರ್ಥಿನಿಯಾಗಿದ್ದ ಕ್ಯಾರೊಲಿನ್ ಡೇವಿಡ್‌ಸನ್ ಎಂಬಾಕೆ ಗಂಟೆಗೆ ೨ ಡಾಲರಿನ ದರದಲ್ಲಿ ದುಡಿದು ಹೊಸ ಪಾದರಕ್ಷೆಯ ಕಂಪನಿಯೊಂದಕ್ಕೆ ಲಾಂಛನ ಬರೆದುಕೊಟ್ಟಳು. ಅವಳ ಬಿಲ್ಲು ೩೫ ಡಾಲರು. ಆ ಕಂಪನಿಯೇ ನೈಕಿ. ಆ ಗೀಟು ಈಗ ಜಗತ್ತಿಗೆಲ್ಲ ಪರಿಚಿತ. ೧೯೮೩ರಲ್ಲಿ ಕಂಪನಿಯವರೇ ಕರೆದು ಅವಳಿಗೆ ಉಂಗುರವನ್ನೂ ಷೇರುಗಳನ್ನೂ ಕೊಟ್ಟರು. ಅಲ್ಲಿ ಮೋಸವೇನೂ ನಡೆಯಲಿಲ್ಲ. ಆದರೆ ಗಂಟೆಯ ಲೆಕ್ಕ ಅವಳ ಕಾಲವನ್ನು ಅಳೆಯಿತೇ ವಿನಾ ಅವಳ ಗೀಟಿನ ಬಳಕೆಯನ್ನು ಅಳೆಯಲಿಲ್ಲ. ಮುಂದಿನದು ಕೊಟ್ಟವರ ಔದಾರ್ಯ. ಎಲ್ಲರಿಗೂ ಅಂಥ ಔದಾರ್ಯ ಲಭಿಸುವುದಿಲ್ಲ.

ನಮ್ಮ ೧೯೫೭ರ ಕೃತಿಸ್ವಾಮ್ಯ ಕಾಯಿದೆ ಈ ವಿಷಯದಲ್ಲಿ ಏನು ಹೇಳುತ್ತದೆಂಬುದನ್ನು ವಿನ್ಯಾಸಕಾರರೂ ಪ್ರಕಾಶಕರೂ ತಿಳಿದಿರಬೇಕು. ಹಣಕೊಟ್ಟು ಬರೆಯಿಸಿಕೊಂಡ ವರ್ಣಚಿತ್ರ, ಭಾವಚಿತ್ರಗಳಲ್ಲಿ, ಬೇರೆ ಒಪ್ಪಂದವಿಲ್ಲದಿದ್ದರೆ, ಬರೆಯಿಸಿದವನೇ ಮೊದಲ ಹಕ್ಕುದಾರ. ಎಂದರೆ ಇಲ್ಲಿ ಮೌನದಿಂದ ನಷ್ಟ ಚಿತ್ರಕಾರನಿಗೆ. ಇನ್ನು, ಕೃತಿಕಾರನಲ್ಲಿರುವ ಹಕ್ಕನ್ನು ಇನ್ನೊಬ್ಬರಿಗೆ ವಹಿಸಿಕೊಡಬೇಕಾದರೆ ಅದು ಬರೆವಣಿಗೆಯಲ್ಲಿದ್ದು ರುಜುವಾಗಿರಬೇಕು. ಅವಧಿ ಹೇಳದಿದ್ದರೆ ಐದೇ ವರ್ಷ, ಪ್ರದೇಶ ಹೇಳದಿದ್ದರೆ ಭಾರತಕ್ಕೆ ಮಾತ್ರ. ಇಲ್ಲಿ ಮೌನದಿಂದ ನಷ್ಟ ಪ್ರಕಾಶಕನಿಗೆ. ಮರುಮುದ್ರಣ, ಇ-ಪುಸ್ತಕ, ಕೇಳುಪುಸ್ತಕ, ಅನುವಾದ, ಭಿತ್ತಿಪತ್ರ, ಇವುಗಳಲ್ಲಿ ಯಾವುದಕ್ಕೆ ಚಿತ್ರವನ್ನು ಬಳಸಬಹುದು, ಕಂಪ್ಯೂಟರಿನ ಮೂಲ ಕಡತ ಯಾರದು ಎಂಬುದನ್ನು ನಾಲ್ಕು ಸಾಲಿನಲ್ಲಿ ಬರೆದರೆ ಇಬ್ಬರಿಗೂ ಕ್ಷೇಮ.

ಹಕ್ಕು ಮಾರಿದ ಮೇಲೂ ಮಾರಲಾಗದ ಒಂದು ಹಕ್ಕನ್ನು ಅದೇ ಕಾಯಿದೆ ಉಳಿಸಿದೆ. ಕೃತಿ ತನ್ನದೆಂದು ಹೇಳಿಕೊಳ್ಳುವ, ತನ್ನ ಕೀರ್ತಿಗೆ ಕುಂದು ಬರುವಂತೆ ಅದನ್ನು ಕೆಡಿಸದಂತೆ ತಡೆಯುವ ಹಕ್ಕು ಅದು. ಶಿಲ್ಪಿ ಅಮರನಾಥ ಸೆಹಗಲ್ ದೆಹಲಿಯ ವಿಜ್ಞಾನ ಭವನಕ್ಕೆ ಮಾಡಿಕೊಟ್ಟಿದ್ದ ಕಂಚಿನ ಭಿತ್ತಿಶಿಲ್ಪವನ್ನು ೧೯೭೯ರಲ್ಲಿ ಅವರಿಗೆ ತಿಳಿಸದೆಯೇ ಕಿತ್ತು ಉಗ್ರಾಣಕ್ಕೆ ಸೇರಿಸಿದ್ದರು. ದೆಹಲಿಯ ಉಚ್ಚ ನ್ಯಾಯಾಲಯ ೨೦೦೫ರಲ್ಲಿ ಆ ಅವಶೇಷಗಳನ್ನು ಅವರಿಗೆ ಹಿಂದಿರುಗಿಸಿ ೫ ಲಕ್ಷ ರೂಪಾಯಿ ಪರಿಹಾರ ಕೊಡುವಂತೆ ತೀರ್ಪಿತ್ತಿತು. ನ್ಯಾಯ ದೊರೆಯಿತು, ಇಪ್ಪತ್ತಾರು ವರ್ಷಗಳ ನಂತರ. ನ್ಯಾಯಾಲಯದ ಮೆಟ್ಟಿಲಿಗಿಂತ ಒಂದು ಹಾಳೆಯ ಕರಾರು ಹತ್ತಿರದ ದಾರಿ.

‘ಈಗ ಯಂತ್ರವೇ ಕ್ಷಣದಲ್ಲಿ ಚಿತ್ರ ಬರೆದುಕೊಡುತ್ತದೆ, ಕರಾರು ಕೇಳುವ ವಿನ್ಯಾಸಕಾರನನ್ನು ಯಾರು ಕರೆಯುತ್ತಾರೆ?’ ಎಂಬ ಪ್ರಶ್ನೆ ಇತ್ತೀಚೆಗೆ ಎದ್ದಿದೆ. ಭಯ ನಿಜವಾದದ್ದೇ. ಕೃತಕ ಬುದ್ಧಿಯ ಯಂತ್ರ ಚಿತ್ರವನ್ನು ಕೊಡುತ್ತದೆ. ಆದರೆ ಹೊಣೆಯನ್ನು ಕೊಡುವುದಿಲ್ಲ. ಈ ಕಾದಂಬರಿಗೆ ಈ ಬಣ್ಣವೇಕೆಂದು ಕೇಳಿದರೆ ಉತ್ತರ ಹೇಳಬಲ್ಲವನು, ಅಚ್ಚಿನ ಮನೆಯಲ್ಲಿ ಬಣ್ಣ ತಪ್ಪಿದಾಗ ಓಡಿಹೋಗಿ ನಿಲ್ಲುವವನು, ಇನ್ನೊಬ್ಬರ ಚಿತ್ರ ಇದರಲ್ಲಿ ನುಸುಳಿಲ್ಲವೆಂದು ರುಜುಮಾಡಿ ಹೇಳಬಲ್ಲವನು ಮನುಷ್ಯನೇ. ಹೊಣೆಯೇ ಅವನ ಬೆಲೆಯಾದರೆ ಹೊಣೆಯನ್ನು ಬರೆದಿಡುವ ಕರಾರು ಹಿಂದಿಗಿಂತ ಇಂದು ಹೆಚ್ಚು ಅವಶ್ಯ.

ನನ್ನ ವಿದ್ಯಾರ್ಥಿನಿಯ ಮುಂದಿನ ಸಂಗತಿಯನ್ನೂ ಹೇಳಿಬಿಡುತ್ತೇನೆ. ಮುಂದಿನ ಕೆಲಸಕ್ಕೆ ಅವಳು ಒಂದು ಹಾಳೆಯಲ್ಲಿ ಈ ನಾಲ್ಕನ್ನೂ ಕನ್ನಡದಲ್ಲಿಯೇ ಬರೆದು ಹಿರಿಯ ಪ್ರಕಾಶಕರೊಬ್ಬರ ಮುಂದಿಟ್ಟಳು. ಅವರು ಕನ್ನಡಕ ಸರಿಮಾಡಿಕೊಂಡು ಎರಡು ಸಲ ಓದಿ, ‘ನೋಡಮ್ಮ, ಇಷ್ಟು ನನ್ನಿಂದ ಆಗದು. ಮೊದಲ ೫೦೦ ಪ್ರತಿಗೆ ಆರು ಸಾವಿರ; ಎರಡನೆಯ ಮುದ್ರಣಕ್ಕೆ ಇನ್ನು ನಾಲ್ಕು. ಒಪ್ಪಿಗೆಯೆ?’ ಎಂದರಂತೆ. ಅವಳು ಒಪ್ಪಿ, ತಿದ್ದುಪಡಿ ಎರಡೇ ಸಲ ಎಂಬುದನ್ನು ಉಳಿಸಿಕೊಂಡಳು. ತಿದ್ದುಪಡಿ ಎರಡೇ ಎಂದು ತಿಳಿದಿದ್ದರಿಂದ ಅವರು ಬೆನ್ನುಡಿಯನ್ನೂ ಪುಟಸಂಖ್ಯೆಯನ್ನೂ ಮೊದಲೇ ಖಚಿತಪಡಿಸಿ ಕಳುಹಿಸಿದರು; ಹತ್ತು ದಿನದಲ್ಲಿ ಕೆಲಸ ಮುಗಿಯಿತು. ಎರಡನೆಯ ಮುದ್ರಣ ಇನ್ನೂ ಆಗಿಲ್ಲ. ಆದರೂ ಅವಳು ಊರಿನಲ್ಲಿಯೇ ಇದ್ದಾಳೆ.

ಕನ್ನಡ ಪುಸ್ತಕ ಪ್ರಾಧಿಕಾರವು ಪುಸ್ತಕದ ಸೊಗಸಿಗೂ ಮುಖಪುಟದ ವಿನ್ಯಾಸಕ್ಕೂ ಬಹುಮಾನ ಕೊಡುತ್ತ ಬಂದಿರುವುದು ಸಂತೋಷದ ವಿಷಯ. ಬಹುಮಾನ ವರ್ಷಕ್ಕೆ ಕೆಲವರಿಗೆ. ಕರಾರು ಪ್ರತಿಯೊಬ್ಬರಿಗೂ ಬೇಕು. ಸಾಹಿತ್ಯ ಸಂಸ್ಥೆಗಳೂ ಪ್ರಕಾಶಕರ ಸಂಘಗಳೂ ಕೂಡಿ ಸರಳ ಕನ್ನಡದಲ್ಲಿ ಒಂದು ಮಾದರಿ ಕರಾರು ಪತ್ರವನ್ನು ಸಿದ್ಧಪಡಿಸುವುದು ದೊಡ್ಡ ಕೆಲಸವೇನಲ್ಲ. ನಮ್ಮ ಕಾಲೇಜುಗಳಿಗೂ ಇದರಲ್ಲಿ ಪಾಲಿದೆ. ವ್ಯವಹಾರ ಕನ್ನಡವೆಂದು ನಾವು ರಜೆಯ ಅರ್ಜಿಯನ್ನೂ ಉದ್ಯೋಗ ಕೋರುವ ಪತ್ರವನ್ನೂ ಬರೆಯಿಸುತ್ತೇವೆ. ಎಂದರೆ ಬೇಡುವ ಕನ್ನಡವನ್ನು ಕಲಿಸುತ್ತೇವೆ. ಒಪ್ಪುವ, ಒಪ್ಪದಿರುವ, ಇಷ್ಟಕ್ಕೆ ಇಷ್ಟೆಂದು ಮರ್ಯಾದೆಯಿಂದ ಹೇಳುವ ಕನ್ನಡವನ್ನೂ ಕಲಿಸಬೇಡವೆ? ನಾಳೆ ನಮ್ಮ ಮಕ್ಕಳಲ್ಲಿ ಎಷ್ಟೋ ಮಂದಿ ತಿಂಗಳ ಸಂಬಳವಿಲ್ಲದ ಸ್ವತಂತ್ರ ಕೆಲಸಗಳಲ್ಲಿಯೇ ಬಾಳಬೇಕಾದವರು.

ಕೊಡುವವರಲ್ಲಿ ನನ್ನ ವಿನಂತಿ ಇಷ್ಟೆ. ಕಡಮೆ ಕೊಡುವುದಾದರೆ ಕಡಮೆಯೆಂದೇ ಹೇಳಿ. ಏನೂ ಕೊಡಲಾಗದಿದ್ದರೆ ಅದನ್ನೂ ಮೊದಲೇ ಹೇಳಿ. ಹಾಗೆ ಹೇಳಿದವರಿಗೆ ಪ್ರೀತಿಯಿಂದ ಪುಕ್ಕಟೆಯಾಗಿ ಮಾಡಿಕೊಡುವ ಕಲಾವಿದರು ಈಗಲೂ ಇದ್ದಾರೆ. ಕೊಡುವುದು ಅವರ ಇಚ್ಛೆಯಾದಾಗ ಮಾತ್ರ ಅದು ಸೇವೆ.